ಗುಂಡಿಯಲ್ಲಿ ನೀರಿಲ್ಲ, ಮಣ್ಣು ಮಾತ್ರ ಬೂದು: ಜೌಗು ಮಣ್ಣು ಅಂತ ಬರೆಯಬಹುದಾ?

ಹೊಂಡದಂಚು:
ತಗ್ಗು ನೆಲವೊಂದರ ಅಂಚು ಗುರುತಿಸಬೇಕಿದೆ. ಮಳೆ ನಿಂತು ಮೂರು ತಿಂಗಳಾಯಿತು, ಗುಂಡಿಯಲ್ಲಿ ಹನಿ ನೀರಿಲ್ಲ. ಹಾಗಾಗಿ ಮಣ್ಣಿನ ಬಣ್ಣವನ್ನೇ ನಂಬಬೇಕು. ಎರಡು ಗುಂಡಿಗಳ ಲೆಕ್ಕ ಹೀಗಿದೆ. ಅಂಕಿಗಳು ಮನ್ಸೆಲ್ ಬಣ್ಣದ ಪುಸ್ತಕದವು: 10 ವೈಆರ್ ಅನ್ನುವುದು ಹ್ಯೂ, ಅಂದರೆ ಬಣ್ಣದ ಪುಟ; ಓರೆಗೆರೆಯ ಮೊದಲಿನದು ವ್ಯಾಲ್ಯೂ, ಅಂದರೆ ಬಣ್ಣ ಎಷ್ಟು ತಿಳಿ; ಆಮೇಲಿನದು ಕ್ರೋಮಾ, ಅಂದರೆ ಎಷ್ಟು ಗಾಢ.

ಗುಂಡಿ 1, ತಗ್ಗಿನೊಳಗೆ: ಮೇಲಿನ 14 ಸೆಂ.ಮೀ. 10 ವೈಆರ್ 4/2. ಅಲ್ಲಿಂದ 45 ಸೆಂ.ಮೀ. ವರೆಗೆ ಬೂದು, 10 ವೈಆರ್ 5/2. ಅದರಲ್ಲಿ ತುಕ್ಕು ಬಣ್ಣದ ಕಲೆಗಳು, 7.5 ವೈಆರ್ 5/8, ನೂರಕ್ಕೆ ನಾಲ್ಕರಷ್ಟು. ಮಣ್ಣು ಜೇಡಿಗೋಡು.

ಗುಂಡಿ 2, ಅಲ್ಲಿಂದ 20 ಮೀಟರ್ ಏರಿನಲ್ಲಿ: ಮೇಲೆ 20 ಸೆಂ.ಮೀ. 10 ವೈಆರ್ 5/3, ಕೆಳಗೆ 5/4. ಕಲೆಗಳು 35 ಸೆಂ.ಮೀ. ಆಳದಿಂದ ಶುರು.

ಒಂದನೆಯದು ಜೌಗು ಮಣ್ಣು, ಎರಡನೆಯದು ಅಲ್ಲ ಅಂತ ಬರೆದುಬಿಡಬಹುದಾ? ನಡುವಿನ 20 ಮೀಟರಿನಲ್ಲಿ ಗೆರೆ ಎಲ್ಲಿ ಎಳೆಯುವುದು?

ಹೆಂಟೆ:
ಮೊದಲು ಒಂದು ಪ್ರಶ್ನೆ. ಬಣ್ಣ ನೋಡಿದ್ದು ಒಣಮಣ್ಣಿನಲ್ಲಾ, ಒದ್ದೆ ಮಾಡಿಯಾ?

ಜಲರೇಖೆ:
ಬೂದು ಬಣ್ಣ, ಕ್ರೋಮಾ 2. ಇನ್ನೇನು ಬೇಕು? ಬೂದು ಅಂದರೆ ಕಬ್ಬಿಣ ಕರಗಿ ಹೋಗಿದೆ, ಕಬ್ಬಿಣ ಕರಗಿದೆ ಅಂದರೆ ನೀರು ನಿಂತಿತ್ತು. ಬರೆದುಕೊಳ್ಳಿ.

ಗುದ್ದಲಿಕಾವು:
ಜಲರೇಖೆ ಅವರೇ, ಅಷ್ಟು ಬೇಗ ಬೇಡ. ಮಣ್ಣು ಬೂದಾಗುವುದಕ್ಕೆ ನೀರು ಒಂದೇ ಕಾರಣವಲ್ಲ. ತಾಯಿಬಂಡೆಯೇ ಬೂದು ಇದ್ದರೆ ಮಣ್ಣೂ ಬೂದು. ಸುಣ್ಣ ಹೆಚ್ಚಿದ್ದರೆ ಬಿಳಿಬೂದು. ಮೇಲಿನಿಂದ ಇಳಿಯುವ ನೀರು ಕಬ್ಬಿಣ, ಜೇಡಿ ಎರಡನ್ನೂ ತೊಳೆದು ಕೆಳಕ್ಕೆ ಒಯ್ದರೆ ನಡುವೆ ಬಿಳಿಚಿದ ಪದರ ಉಳಿಯುತ್ತದೆ, ಅದು ಚೆನ್ನಾಗಿ ನೀರು ಬಸಿಯುವ ನೆಲದಲ್ಲೂ ಇರುತ್ತದೆ. ನದಿ ತಂದ ಮರಳಿನಲ್ಲಿ ಕಬ್ಬಿಣವೇ ಇರಲಿಲ್ಲ ಅಂದರೆ ಕರಗಿ ಹೋಗುವುದಕ್ಕೂ ಏನಿಲ್ಲ.

ಅದಕ್ಕೇ ಬೂದು ಬಣ್ಣದ ಜೊತೆ ತುಕ್ಕು ಕಲೆ ಕೇಳುವುದು. ಕಬ್ಬಿಣ ಒಂದು ಕಡೆ ಕರಗಿ ಇನ್ನೊಂದು ಕಡೆ ಮತ್ತೆ ಕೂತಿದೆ ಅನ್ನುವುದಕ್ಕೆ ಆ ಕಲೆಯೇ ಸಾಕ್ಷಿ. ಅಮೆರಿಕದ ಮಣ್ಣು ಸಂರಕ್ಷಣಾ ಸಂಸ್ಥೆಯಾದ ಎನ್‌ಆರ್‌ಸಿಎಸ್ ಕೈಪಿಡಿಯ ಲೆಕ್ಕದಲ್ಲಿ 4/1, 4/2, 5/2 ಈ ಮೂರು ಬಣ್ಣಗಳಿಗೆ ಎದ್ದು ಕಾಣುವ ಕಲೆ ನೂರಕ್ಕೆ ಎರಡಾದರೂ ಇರಲೇಬೇಕು. ವ್ಯಾಲ್ಯೂ 5 ಅಥವಾ ಹೆಚ್ಚಿದ್ದು ಕ್ರೋಮಾ 1 ಆದರೆ, ಇಲ್ಲವೇ ವ್ಯಾಲ್ಯೂ 6 ಅಥವಾ ಹೆಚ್ಚಿದ್ದು ಕ್ರೋಮಾ 2 ಅಥವಾ ಕಡಿಮೆ ಇದ್ದರೆ ಕಲೆ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಆ ತೊಳೆದುಹೋದ ಬಿಳಿಚು ಪದರ ಕಲೆಯಿಲ್ಲದೆ ಒಳಗೆ ನುಸುಳುವುದಿಲ್ಲ, ಅದನ್ನು ಕೈಪಿಡಿ ಹೊರಗಿಡುತ್ತದೆ.

ಹೊಂಡದಂಚು:
@ಹೆಂಟೆ, ಒಣಮಣ್ಣಿನಲ್ಲೇ ನೋಡಿದ್ದು. ತಪ್ಪಾಯಿತಾ?

ಹೆಂಟೆ:
ತಪ್ಪೇ. ತಿದ್ದಿಕೊಳ್ಳುವುದು ಕಷ್ಟವಲ್ಲ. ಮಣ್ಣು ಒಣಗಿದಾಗ ಬಣ್ಣ ತಿಳಿಯಾಗುತ್ತದೆ, ವ್ಯಾಲ್ಯೂ ಒಂದರಿಂದ ಎರಡು ಮೆಟ್ಟಿಲು ಮೇಲೆ ಕಾಣುತ್ತದೆ. ಕೈಪಿಡಿಯ ಅಂಕಿಗಳೆಲ್ಲ ಒದ್ದೆಮಣ್ಣಿಗೆ ಹೊಂದಿಸಿದವು.

ಹೆಂಟೆ ಮುರಿದ ಹೊಸ ಮುಖಕ್ಕೆ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹೊಡೆಯಿರಿ. ಇನ್ನು ಬಣ್ಣ ಬದಲಾಗುತ್ತಿಲ್ಲ ಅನ್ನಿಸಿದಲ್ಲಿ ನಿಲ್ಲಿಸಿ. ಮೇಲೆ ನೀರಿನ ಹೊಳಪು ಬಂದರೆ ಹೆಚ್ಚಾಯಿತು, ಹೊಳಪು ಹೋಗುವವರೆಗೆ ಕಾಯಿರಿ. ಬಿಸಿಲು ಬೆನ್ನ ಹಿಂದಿನಿಂದ ಹೆಗಲ ಮೇಲೆ ಹಾದು ಪುಸ್ತಕಕ್ಕೆ ಬೀಳಬೇಕು. ಬಣ್ಣದ ಕನ್ನಡಕ ತೆಗೆಯಿರಿ. ಬೆಳಗಿನ, ಸಂಜೆಯ ಕೆಂಬಿಸಿಲಲ್ಲಿ ನೋಡಿದರೆ ಎಲ್ಲ ಮಣ್ಣೂ ಒಂದು ಪುಟ ಕೆಂಪಗೆ ಕಾಣುತ್ತದೆ. ಮರದ ನೆರಳಿನಲ್ಲಿ ಹಸಿರು ಛಾಯೆ ಸೇರುತ್ತದೆ.

ಮರಳುಕಣ:
ಮನ್ಸೆಲ್ ಪುಸ್ತಕದ ಚೌಕಗಳ ಪಕ್ಕ ಇರುವ ತೂತಿನ ಹಿಂದೆ ಮಣ್ಣು ಹಿಡಿದು ನೋಡಿ, ಚೌಕದ ಮೇಲೆ ಇಡಬೇಡಿ. ಕೆಸರು ಮೆತ್ತಿದ ಚೌಕ ಮುಂದಿನ ಸಲ ಸುಳ್ಳು ಹೇಳುತ್ತದೆ.

ಎರೆಹೊಲ:
ಫೋನಿನಲ್ಲಿ ಫೋಟೋ ತೆಗೆದು ಮನೆಗೆ ಹೋಗಿ ಬಣ್ಣ ನೋಡಿದರೆ ಆಗಲ್ವಾ? ಅಷ್ಟು ದುಬಾರಿ ಪುಸ್ತಕ ಯಾಕೆ?

ಮರಳುಕಣ:
ಆಗಲ್ಲ. ಫೋನ್ ತಾನೇ ಬಿಳುಪು ಸರಿಹೊಂದಿಸಿಕೊಳ್ಳುತ್ತದೆ. ಅದೇ ಹೆಂಟೆ ಬಿಸಿಲಿನಲ್ಲಿ ಒಂದು ಬಣ್ಣ, ಮೋಡದಲ್ಲಿ ಇನ್ನೊಂದು. ಕ್ರೋಮಾ 2ಕ್ಕೂ 3ಕ್ಕೂ ಇರುವ ಅಂತರದ ಮೇಲೆ ಗೆರೆ ನಿಂತಿರುವಾಗ ಆ ವ್ಯತ್ಯಾಸ ದೊಡ್ಡದು. ದಾಖಲೆಗೆ ಫೋಟೋ ತೆಗೆಯಿರಿ, ಆದರೆ ಪುಸ್ತಕದ ಪುಟ ಮತ್ತು ಅಳತೆಪಟ್ಟಿ ಚಿತ್ರದೊಳಗೆ ಇರಲಿ.

ಗುದ್ದಲಿಕಾವು:
ಚೌಕಗಳ ನಡುವೆ ಬಿದ್ದ ಬಣ್ಣವನ್ನು ಹತ್ತಿರದ ಚೌಕಕ್ಕೆ ತಳ್ಳುವುದರಲ್ಲೂ ತಪ್ಪಾಗುತ್ತದೆ. ಕ್ರೋಮಾ 2ಕ್ಕಿಂತ ತುಸುವೇ ಹೆಚ್ಚು ಅನ್ನಿಸಿದರೂ ಅದು 2 ಅಲ್ಲ. "2ಕ್ಕಿಂತ ಹೆಚ್ಚು, 3ಕ್ಕಿಂತ ಕಡಿಮೆ" ಅಂತಲೇ ಬರೆಯಿರಿ. ಮಿತಿ ಇರುವ ಕಡೆ ದುಂಡಾಗಿಸಬಾರದು.

ಹೊಂಡದಂಚು:
ಒದ್ದೆ ಮಾಡಿ ಮತ್ತೆ ನೋಡಿದೆ. ಗುಂಡಿ 1ರ ಮೇಲ್ಪದರ 3/2, ಕೆಳಗೆ 4/2, ಕಲೆ 7.5 ವೈಆರ್ 4/6. ಗುಂಡಿ 2 ಮೇಲೆ 4/3, ಕೆಳಗೆ 4/4.

ಕಲೆ "ಎದ್ದು ಕಾಣುವುದು" ಅಂತ ಯಾವ ಆಧಾರದಲ್ಲಿ ಹೇಳುವುದು? ನಾಲ್ಕು ಅಂತ ನಾನು ಬರೆದಿದ್ದು ಬರಿಗಣ್ಣಿನ ಅಂದಾಜು.

ಹೆಂಟೆ:
ಅದಕ್ಕೂ ಲೆಕ್ಕವಿದೆ. ಕಲೆ ಮತ್ತು ಹಿನ್ನೆಲೆ ಒಂದೇ ಹ್ಯೂ ಪುಟದಲ್ಲಿದ್ದು ವ್ಯಾಲ್ಯೂ ಹೆಚ್ಚು ದೂರ ಇಲ್ಲ ಅಂದುಕೊಳ್ಳಿ. ಆಗ ಕ್ರೋಮಾ ಒಂದೇ ಮೆಟ್ಟಿಲು ವ್ಯತ್ಯಾಸವಾದರೆ ಮಸುಕು, ಎರಡು ಮೂರು ಆದರೆ ಸ್ಪಷ್ಟ, ನಾಲ್ಕಾದರೆ ಢಾಳು. ನಿಮ್ಮದು ಒಂದು ಪುಟ ಆಚೆ ಇದೆ, 10ರಿಂದ 7.5ಕ್ಕೆ. ಅಲ್ಲಿ ಕ್ರೋಮಾ ವ್ಯತ್ಯಾಸ 3 ಇದ್ದರೇ ಢಾಳು. ನಿಮ್ಮಲ್ಲಿ 4 ಇದೆ. ಮಸುಕು ಕಲೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ಪ್ರಮಾಣಕ್ಕೆ, ಹತ್ತು ಸೆಂ.ಮೀ. ಉದ್ದ ಹತ್ತು ಅಗಲದ ಮುಖ ತೆಗೆದುಕೊಳ್ಳಿ. ನೂರಕ್ಕೆ ಎರಡು ಅಂದರೆ ಎರಡು ಚದರ ಸೆಂ.ಮೀ. ಎಲ್ಲ ಕಲೆಗಳನ್ನೂ ಮನಸ್ಸಿನಲ್ಲಿ ಒಂದು ಮೂಲೆಗೆ ಗುಡಿಸಿದರೆ ಸುಮಾರು 1.4 ಸೆಂ.ಮೀ. ಬದಿಯ ಚೌಕ ತುಂಬಬೇಕು. ಚದುರಿದ ಸಣ್ಣ ಚುಕ್ಕೆಗಳು ಕಣ್ಣಿಗೆ ಯಾವಾಗಲೂ ಹೆಚ್ಚಾಗಿ ಕಾಣುತ್ತವೆ, ಆದ್ದರಿಂದ ಮೊದಲ ಅಂದಾಜನ್ನು ನಂಬಬೇಡಿ.

ಜಲರೇಖೆ:
ಸರಿ, ನನ್ನ ಮಾತು ಅವಸರದ್ದು, ಒಪ್ಪಿದೆ. ಆದರೆ ಉತ್ತರ ಬದಲಾಗಲಿಲ್ಲವಲ್ಲ! 4/2, ಢಾಳು ಕಲೆ ನಾಲ್ಕು, 14 ಸೆಂ.ಮೀ. ನಿಂದ ಶುರು. ಬೂದು ಪದರ 25 ಸೆಂ.ಮೀ. ಒಳಗೆ ಶುರುವಾಗಿ 15 ಸೆಂ.ಮೀ. ದಪ್ಪ ಇರಬೇಕು, ಇಲ್ಲಿ 31 ಇದೆ.

ಗೆಜ್ಜೆಹುಲ್ಲು:
ಉತ್ತರ ಇನ್ನೂ ಬಂದಿಲ್ಲ. ಆ ಕಲೆಗಳು ಈಗಿನವೋ ಹಳೆಯವೋ ಯಾರೂ ಕೇಳಲಿಲ್ಲ. ನೆಲಕ್ಕೆ ಬಸಿಗಾಲುವೆ ತೋಡಿ ನೀರು ಹೊರಗೆ ಹೋಗಿ ಎಷ್ಟೋ ದಶಕ ಆದಮೇಲೂ ಬೂದು, ತುಕ್ಕು ಎರಡೂ ಹಾಗೇ ಉಳಿಯುತ್ತವೆ.

ಕಲೆಯ ಅಂಚು ನೋಡಿ. ಈಗಲೂ ನಡೆಯುತ್ತಿರುವ ಕೆಲಸವಾದರೆ ಕಿತ್ತಳೆ ಬಣ್ಣ ನಿಧಾನವಾಗಿ ಬೂದಿನೊಳಗೆ ಕರಗಿರುತ್ತದೆ, ಒದ್ದೆ ಕಾಗದಕ್ಕೆ ಶಾಯಿ ಹಬ್ಬಿದ ಹಾಗೆ. ಅಂಚು ಚಾಕುವಿನಲ್ಲಿ ಕತ್ತರಿಸಿದಂತೆ ಚೂಪಾಗಿದ್ದರೆ ಅದು ಹಳೆಯದು ಅಥವಾ ಬೇರೆಡೆಯಿಂದ ಕೊಚ್ಚಿ ಬಂದದ್ದು. ಗಟ್ಟಿ ಗುಂಡುಗಳು, ಉಗುರಿನಲ್ಲಿ ಎಬ್ಬಿಸಿದರೆ ಮಣ್ಣಿನಿಂದ ಪೂರ್ತಿ ಬಿಡಿಸಿಕೊಂಡು ಬರುವಂಥವು, ಸುತ್ತ ಮಸುಕು ವರ್ತುಲ ಇಲ್ಲದಿದ್ದರೆ ಎಣಿಸಬಾರದು.

ಎಲ್ಲಕ್ಕಿಂತ ಒಳ್ಳೆಯ ಗುರುತು ಜೀವಂತ ಬೇರು. ಹೆಂಟೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಚ್ಚಿ. ಬಿಳಿ ಬೇರಿನ ಸುತ್ತ ಕಿತ್ತಳೆ ಬಣ್ಣದ ತೆಳು ಕೊಳವೆ ಕಾಣುತ್ತದಾ? ಬೇರನ್ನು ಎಳೆದರೆ ತುಕ್ಕು ಬೇರಿಗೂ ಅಂಟಿರುತ್ತದೆ, ಅದು ಬಿಟ್ಟ ತೂತಿನ ಗೋಡೆಗೂ ಅಂಟಿರುತ್ತದೆ. ನೀರಿನಲ್ಲಿ ಮುಳುಗಿದ ಮಣ್ಣಿಗೆ ಗಿಡ ತನ್ನ ಬೇರಿನ ಮೂಲಕ ಆಮ್ಲಜನಕ ಇಳಿಸುತ್ತದೆ, ಕರಗಿದ ಕಬ್ಬಿಣ ಅಲ್ಲೇ ತುಕ್ಕಾಗಿ ಕೂರುತ್ತದೆ. ಬೇರು ಜೀವಂತ ಅಂದಮೇಲೆ ಆ ತುಕ್ಕು ಆ ಬೇರಿನ ಆಯುಸ್ಸಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಸತ್ತ ಬೇರಿನ ತೂತಿಗೆ ಈ ಬಲವಿಲ್ಲ.

ಎರೆಹೊಲ:
ಇದು ಚೆನ್ನಾಗಿದೆ. ಹಾಗಾದರೆ ಭತ್ತದ ಗದ್ದೆಯಲ್ಲಿ?

ಗೆಜ್ಜೆಹುಲ್ಲು:
ಭತ್ತದ ಬೇರಿನಲ್ಲೂ ಥೇಟ್ ಹೀಗೇ ಇರುತ್ತದೆ. ಅಲ್ಲಿ ನೀರು ಮನುಷ್ಯ ನಿಲ್ಲಿಸಿದ್ದು, ಅದು ಮೇಲಿಂದ ಕೆಳಗೆ ಬರುತ್ತದೆ. ಕೆಸರು ಮಾಡಿದ ಪದರ ಬೂದು, ಅದರ ಕೆಳಗೆ ನೇಗಿಲ ಅಡಿಯ ಗಟ್ಟಿಪದರ, ಗಟ್ಟಿಪದರದ ಕೆಳಗೆ ತುಕ್ಕು, ಮ್ಯಾಂಗನೀಸ್ ಕಲೆ. ಇನ್ನೂ ಕೆಳಗೆ ಹೋದರೆ ಮಾಮೂಲಿ ಕಂದು ಮಣ್ಣು ಸಿಗಬಹುದು. ಗಟ್ಟಿಪದರದ ಕೆಳಗೂ ತೋಡದೆ ಗದ್ದೆಯ ಬಗ್ಗೆ ತೀರ್ಮಾನ ಮಾಡಬೇಡಿ.

ಬಸಿಗಾಲುವೆ:
ಇದೇ ತರಹದ ಇನ್ನೊಂದು ಗುರುತು. ಹೆಂಟೆಯ ಹೊರಮೈ ಬೂದು, ಒಳಗೆ ತುಕ್ಕು ಇದ್ದರೆ ನೀರು ಮೇಲಿಂದ ಬಂದು ತೂರಲಾರದೆ ನಿಂತದ್ದು. ಹೊರಮೈ ಮತ್ತು ಬೇರುದಾರಿ ತುಕ್ಕು, ಒಳಗೆ ಬೂದು ಇದ್ದರೆ ಅಂತರ್ಜಲ ಕೆಳಗಿನಿಂದ ಏರಿ ಇಳಿದದ್ದು. ಮಣ್ಣಿನ ಅಂತರರಾಷ್ಟ್ರೀಯ ವರ್ಗೀಕರಣದಲ್ಲೂ ಇವು ಬೇರೆ ಬೇರೆ, ಮೊದಲನೆಯದು ಸ್ಟ್ಯಾಗ್ನಿಕ್, ಎರಡನೆಯದು ಗ್ಲೇಯಿಕ್.

ಜಲರೇಖೆ:
ಇದು ತಿರುಗುಮುರುಗು ಅಲ್ವಾ? ನೀರು ಬಿರುಕಿನಲ್ಲಿ ಇಳಿದರೆ ಗಾಳಿಯೂ ಬಿರುಕಿನಲ್ಲೇ ಬರಬೇಕು. ಹೊರಮೈ ತಾನೇ ತುಕ್ಕಾಗಬೇಕು?

ಬಸಿಗಾಲುವೆ:
ತಿರುಗುಮುರುಗು ಅಲ್ಲ. ಮಳೆನೀರು ಮೊದಲು ಬಿರುಕು, ಬೇರುದಾರಿಗಳನ್ನು ತುಂಬುತ್ತದೆ. ಸೂಕ್ಷ್ಮಜೀವಿಗೆ ತಿನ್ನಲು ಬೇಕಾದ ಕೊಳೆ, ಸತ್ತ ಬೇರು ಅಲ್ಲೇ ಇರುವುದು. ಆಮ್ಲಜನಕ ಅಲ್ಲಿ ಮೊದಲು ಮುಗಿಯುತ್ತದೆ, ಕಬ್ಬಿಣ ಅಲ್ಲೇ ಕರಗುತ್ತದೆ. ಹೆಂಟೆಯ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿರುತ್ತದೆ, ಕರಗಿದ ಕಬ್ಬಿಣ ಒಳಗೆ ಸರಿದು ಅಲ್ಲಿ ತುಕ್ಕಾಗುತ್ತದೆ. ಅಂತರ್ಜಲದ್ದು ಇದಕ್ಕೆ ವಿರುದ್ಧ. ಇಡೀ ಮಣ್ಣು ಮುಳುಗಿ ಬೂದಾಗಿರುತ್ತದೆ, ನೀರು ಇಳಿದಾಗ ಗಾಳಿ ಮೊದಲು ಬಿರುಕಿಗೆ ನುಗ್ಗುತ್ತದೆ.

ಜಲರೇಖೆ:
ಈಗ ಅರ್ಥವಾಯಿತು. ಧನ್ಯವಾದ.

ಗುದ್ದಲಿಕಾವು:
ಇದನ್ನೆಲ್ಲ ನೋಡಬೇಕಾದರೆ ಮಣ್ಣು ಕೊರೆಯುವ ಆಗರ್ ಒಂದೇ ಸಾಲದು. ಅದು ತಿರುಚಿಕೊಂಡು ಇಳಿಯುವಾಗ ಬೂದು, ತುಕ್ಕು ಎರಡನ್ನೂ ಕಲಸಿಬಿಡುತ್ತದೆ. ಉದ್ದ ಅಲಗಿನ ಸಲಿಕೆಯಿಂದ 50 ಸೆಂ.ಮೀ. ಆಳದ ಗುಂಡಿ ತೋಡಿ, ಒಂದು ಬದಿಯಿಂದ ಹತ್ತು ಸೆಂ.ಮೀ. ದಪ್ಪದ ಹೋಳು ಇಡಿಯಾಗಿ ಎತ್ತಿ ಹಾಳೆಯ ಮೇಲೆ ಮಲಗಿಸಿ. ಚಾಕುವಿನಲ್ಲಿ ಕತ್ತರಿಸಬೇಡಿ, ಅಲಗು ಜೇಡಿಯನ್ನು ಸಾರಿಸಿದಂತೆ ಮಾಡುತ್ತದೆ. ಕೈಯಿಂದ ಮುರಿಯಿರಿ.

ಮುರಿದ ತಕ್ಷಣ ಬಣ್ಣ ಬರೆದುಕೊಳ್ಳಿ, ಅರ್ಧ ಗಂಟೆ ಬಿಟ್ಟು ಅದೇ ಮುಖವನ್ನು ಮತ್ತೆ ನೋಡಿ. ನೀಲಿಬೂದು, ಹಸಿರುಬೂದು ಗಾಳಿ ತಾಗಿ ಕಂದಿಗೆ ತಿರುಗಿದರೆ ಮಣ್ಣಿನಲ್ಲಿ ಕರಗಿದ ಕಬ್ಬಿಣ ಈ ಕ್ಷಣವೂ ಇದೆ ಎಂದರ್ಥ. ಒಣಗಿದ ಕಾಲದಲ್ಲಿ ಇದು ಸಿಗುವುದಿಲ್ಲ.

ಮರಳುಕಣ:
ಹಾಗೆಯೇ ವಾಸನೆ. ಕೊಳೆತ ಮೊಟ್ಟೆ ವಾಸನೆ 30 ಸೆಂ.ಮೀ. ಒಳಗೆ ಬಂದರೆ ಬೇರೆ ಗುರುತು ಬೇಡವೇ ಬೇಡ. ಆಮ್ಲಜನಕ, ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ ಎಲ್ಲ ಸರದಿಯಂತೆ ಮುಗಿದ ಮೇಲೆ ಸಲ್ಫೇಟಿನ ಪಾಳಿ ಬರುವುದು. ಆದರೆ ಮುರಿದ ಮೊದಲ ಕೆಲವು ಕ್ಷಣ ಮಾತ್ರ ವಾಸನೆ ಇರುತ್ತದೆ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಜೌಗಲ್ಲ ಅನ್ನಬಾರದು, ಸಲ್ಫೇಟ್ ಇಲ್ಲದ ಸಿಹಿನೀರಿನ ನೆಲದಲ್ಲಿ ಅದು ಬರುವುದೇ ಇಲ್ಲ. ಬರಿಯ ಕೊಳೆತ ಎಲೆಯ ವಾಸನೆಯನ್ನು ಇದಕ್ಕೆ ಸೇರಿಸಬೇಡಿ.

ಎರೆಹೊಲ:
ನನ್ನ ನಿಜವಾದ ಪ್ರಶ್ನೆ ಎರೆಮಣ್ಣಿನದು. ಅದು ಮೊದಲೇ ಕಪ್ಪು, ಕ್ರೋಮಾ 1. ಒಣನೆಲದಲ್ಲೂ ಕ್ರೋಮಾ 1. ಅಲ್ಲಿ ಏನು ಮಾಡಬೇಕು?

ಹೆಂಟೆ:
ಕಷ್ಟದ ಮಣ್ಣು ಅದು. ವ್ಯಾಲ್ಯೂ 3 ಅಥವಾ ಕಡಿಮೆ ಇದ್ದರೆ ಅದನ್ನು ಕಬ್ಬಿಣ ಕಳೆದುಕೊಂಡ ಮಣ್ಣು ಅನ್ನಲಾಗದು, ಕಪ್ಪು ಬಣ್ಣದಡಿ ಎಲ್ಲ ಮುಚ್ಚಿಹೋಗಿರುತ್ತದೆ. ಕಪ್ಪು ಪದರದ ಒಳಗೇ ತುಕ್ಕು ಹುಡುಕಬೇಕು. ಕ್ರೋಮಾ 1 ಆಗಿದ್ದರೆ ಸ್ಪಷ್ಟ ಕಲೆ ನೂರಕ್ಕೆ ಎರಡು, ಕ್ರೋಮಾ 2 ಆದರೆ ಐದು, ಅದೂ 10 ಸೆಂ.ಮೀ. ದಪ್ಪದ ಪದರದಲ್ಲಿ. ಹ್ಯಾಂಡ್ ಲೆನ್ಸ್ ಇಲ್ಲದೆ ಕಾಣುವುದಿಲ್ಲ. ಒಣಮಣ್ಣಿನಲ್ಲೂ ಒಮ್ಮೆ ನೋಡಿ, ಹಿನ್ನೆಲೆ ತಿಳಿಯಾದಾಗ ಕಲೆ ಎಲ್ಲಿದೆ ಅಂತ ಗೊತ್ತಾಗುತ್ತದೆ, ಆಮೇಲೆ ಒದ್ದೆ ಮಾಡಿ ಬಣ್ಣ ಬರೆಯಿರಿ.

ಬಿರುಕು ಬಿಡುವ ಎರೆಯಲ್ಲಿ ಮೇಲಿನ ಮಣ್ಣು ಬಿರುಕಿಗೆ ಉದುರಿ ಆಳಕ್ಕೆ ಹೋಗುತ್ತದೆ, ಆದ್ದರಿಂದ ಪದರದ ಗೆರೆಗಳನ್ನೂ ಪೂರ್ತಿ ನಂಬಲಾಗದು.

ಗುದ್ದಲಿಕಾವು:
ಕರಿ ಚುಕ್ಕೆ ಕಂಡರೆ ಅದು ಮ್ಯಾಂಗನೀಸೋ ಇದ್ದಿಲ ಚೂರೋ ಅಂತ ಪರೀಕ್ಷಿಸಿ. ನೂರಕ್ಕೆ ಮೂರರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಟ್ಟರೆ ಮ್ಯಾಂಗನೀಸ್ ತಕ್ಷಣ ಜೋರಾಗಿ ನೊರೆ ಏಳಿಸುತ್ತದೆ. ಕೊಳೆತ ವಸ್ತುವಾದರೆ ನಿಧಾನ, ಮಂದ.

ಮರಳುಕಣ:
ಕೆಮ್ಮಣ್ಣಿನ ಸಂಕಟ ಇದಕ್ಕಿಂತ ದೊಡ್ಡದು. ಅದಕ್ಕೆ ಕೆಂಪು ಕೊಡುವ ಕಬ್ಬಿಣದ ಖನಿಜ ಹೆಮಟೈಟ್ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ವರ್ಷದಲ್ಲಿ ತಿಂಗಳುಗಟ್ಟಲೆ ನೀರು ನಿಂತರೂ ಕೆಂಪು ಕೆಂಪಾಗಿಯೇ ಇರುವ ಮಣ್ಣುಗಳಿವೆ. ಅಂಥ ಕಡೆ ಬಣ್ಣದ ಮಿತಿ ಹಿಡಿದುಕೊಂಡು ಕೂತರೆ ಜೌಗನ್ನೇ ಒಣನೆಲ ಅಂತ ಬರೆದು ಬರುತ್ತೇವೆ. ಅದು ನೆಲಕ್ಕೆ ಮಾಡುವ ಅನ್ಯಾಯ.

ಎರೆಹೊಲ:
ಮತ್ತೆ ದಾರಿ?

ಮರಳುಕಣ:
ಬಣ್ಣ ಬಿಟ್ಟು ಕಬ್ಬಿಣವನ್ನೇ ನೇರ ಕೇಳುವುದು. ಎರಡು ಉಪಾಯ ಇವೆ.

ಆಲ್ಫಾ ಆಲ್ಫಾ ಡೈಪಿರಿಡಿಲ್ ದ್ರಾವಣ ಅಥವಾ ಅದನ್ನು ಹೀರಿಸಿದ ಕಾಗದದ ಪಟ್ಟಿ. ಹೊಸದಾಗಿ ಮುರಿದ ಒದ್ದೆ ಮುಖಕ್ಕೆ ತಾಗಿಸಿದರೆ, ಕರಗಿದ ಕಬ್ಬಿಣ ಇದ್ದಲ್ಲಿ ಒಂದು ನಿಮಿಷದೊಳಗೆ ಗುಲಾಬಿ ಇಲ್ಲವೇ ಕೆಂಪು. ಸಲಿಕೆ ತಾಗಿದ ಮುಖಕ್ಕೆ ಹಾಕಿದರೆ ಉಕ್ಕಿನ ಕಬ್ಬಿಣಕ್ಕೇ ಕೆಂಪಾಗುತ್ತದೆ. ನೇರ ಬಿಸಿಲಿನಲ್ಲೂ ಸುಳ್ಳು ಕೆಂಪು ಬರುತ್ತದೆ, ಬೆಳಕೇ ಕಬ್ಬಿಣವನ್ನು ಬದಲಿಸಿಬಿಡುತ್ತದೆ. ನೆರಳಿನಲ್ಲಿ ಮಾಡಿ. ಅದು ವಿಷ, ಕೈಗವಸು ಬೇಕೇ ಬೇಕು. ಮಣ್ಣು ಒಣಗಿದ ಕಾಲದಲ್ಲಿ ಬಣ್ಣ ಬರದಿದ್ದರೆ ಏನೂ ಸಾಬೀತಾಗಲಿಲ್ಲ.

ಇನ್ನೊಂದು ಐರಿಸ್ ಕೊಳವೆ. ಪಿವಿಸಿ ಕೊಳವೆಗೆ ತುಕ್ಕಿನ ಬಣ್ಣ ಬಳಿದಿರುತ್ತಾರೆ. ಮಳೆಗಾಲದಲ್ಲಿ ಐದು ಕೊಳವೆ ಹುಗಿದು ಸುಮಾರು ನಾಲ್ಕು ವಾರ ಬಿಟ್ಟು ಎಳೆಯಬೇಕು. ಮಣ್ಣು ಆಮ್ಲಜನಕ ಕಳೆದುಕೊಂಡಿದ್ದಲ್ಲಿ ಬಣ್ಣ ಕರಗಿ ಬಿಳಿ ಪಿವಿಸಿ ಕಾಣುತ್ತದೆ. ಐದರಲ್ಲಿ ಮೂರರಲ್ಲಾದರೂ, ಮೇಲಿನ 30 ಸೆಂ.ಮೀ. ಒಳಗಿನ ಒಂದು 15 ಸೆಂ.ಮೀ. ಪಟ್ಟಿಯಲ್ಲಿ ನೂರಕ್ಕೆ ಮೂವತ್ತು ಬಣ್ಣ ಹೋಗಿರಬೇಕು. ಹುಗಿಯುವಾಗ ತೂತು ಮೊದಲು ಕೊರೆದುಕೊಳ್ಳಿ, ಹೊಡೆದು ಇಳಿಸಿದರೆ ಮಣ್ಣೇ ಬಣ್ಣ ಕೆರೆದು ಹಾಕುತ್ತದೆ.

ಬಸಿಗಾಲುವೆ:
ಒಂದು ಎಚ್ಚರಿಕೆ. ಇಲ್ಲಿ ಎಲ್ಲರೂ ಹೇಳುತ್ತಿರುವ ಸೆಂ.ಮೀ., ಶೇಕಡಾ ಎಲ್ಲ ಅಮೆರಿಕದ ಮಣ್ಣುಗಳಲ್ಲಿ ಒರೆಹಚ್ಚಿ ನಿಲ್ಲಿಸಿದ ಮಿತಿಗಳು. ಅಲ್ಲಿಯೂ ಪ್ರದೇಶಕ್ಕೊಂದು ಪಟ್ಟಿ ಇದೆ. ಕಬ್ಬಿಣ ಕರಗಿ ಕೂರುವ ಕ್ರಿಯೆ ಎಲ್ಲ ಕಡೆಯೂ ಒಂದೇ, ಮಿತಿ ಒಂದೇ ಅಲ್ಲ. ಜೊತೆಗೆ, ಜೌಗು ಮಣ್ಣು ಸಿಕ್ಕಿತು ಅಂದಮಾತ್ರಕ್ಕೆ ಈಗಲೂ ಜೌಗು ನೆಲ ಅಂತಲ್ಲ. ಮಣ್ಣು, ಗಿಡ, ನೀರು ಮೂರೂ ಒಟ್ಟಿಗೆ ನೋಡಬೇಕು.

ಗೆಜ್ಜೆಹುಲ್ಲು:
ಗಿಡ ಒಂದು ಮಳೆಗಾಲದಲ್ಲಿ ಬದಲಾಗುತ್ತದೆ, ಮಣ್ಣು ಬದಲಾಗುವುದಿಲ್ಲ. ಅದಕ್ಕೇ ಒಣ ಕಾಲದಲ್ಲಿ ನಾನು ಮಣ್ಣಿನ ಕಡೆಗೇ ವಾಲುವುದು.

ಹೊಂಡದಂಚು:
ಎಲ್ಲರಿಗೂ ಧನ್ಯವಾದ. ನೀವು ಹೇಳಿದಂತೆ ಹೋಳು ಎತ್ತಿ ನೋಡಿದೆ. ಗುಂಡಿ 1ರಲ್ಲಿ ಕಲೆಯ ಅಂಚು ಮಸುಕು, 18 ಸೆಂ.ಮೀ. ಆಳದಲ್ಲಿ ಜೀವಂತ ಬೇರಿನ ಸುತ್ತ ಕಿತ್ತಳೆ ಕೊಳವೆ ಸಿಕ್ಕಿತು.

ನಡುವೆ, ಹತ್ತು ಮೀಟರಿನಲ್ಲಿ, ಗುಂಡಿ 3: ಮೇಲೆ 16 ಸೆಂ.ಮೀ. 3/2, ಕಲೆ ಇಲ್ಲ. 16ರಿಂದ 27 ಸೆಂ.ಮೀ. 4/3. 27ರ ಕೆಳಗೆ 4/2, ಕಲೆ ಐದು. ಇದು ಒಳಗಾ ಹೊರಗಾ?

ಜಲರೇಖೆ:
ಕಪ್ಪು ಮೇಲ್ಪದರದ ಕೆಳಗೆ ಬೂದು 30 ಸೆಂ.ಮೀ. ಒಳಗೆ ಶುರುವಾದರೂ ಸಾಕು ಅನ್ನುವ ಇನ್ನೊಂದು ಗುರುತು ಇದೆಯಲ್ಲ. 27 ಅದರೊಳಗೆ ಬಂತು. ಒಳಗೆ.

ಹೆಂಟೆ:
ಹೊರಗೆ. ಆ ಗುರುತಿಗೆ ಬೂದು ಪದರ ಮುಟ್ಟುವವರೆಗೂ ಮೇಲಿನ ಮಣ್ಣೆಲ್ಲ ವ್ಯಾಲ್ಯೂ 3, ಕ್ರೋಮಾ 2ರೊಳಗೆ ಇರಬೇಕು. ಇಲ್ಲಿ ನಡುವೆ 11 ಸೆಂ.ಮೀ. 4/3 ತೂರಿಕೊಂಡಿದೆ, ಅಂದರೆ ಆ ಆಳದಲ್ಲಿ ಗಾಳಿ ಚೆನ್ನಾಗಿ ಆಡುತ್ತಿದೆ. ಮೊದಲಿನ ಗುರುತಿಗೆ 25ರೊಳಗೆ ಶುರುವಾಗಬೇಕಿತ್ತು, ಎರಡು ಸೆಂ.ಮೀ. ತಪ್ಪಿತು. ಐದು ಮೀಟರಿನಲ್ಲಿ ಇನ್ನೊಂದು ತೋಡಿ.

ಹೊಂಡದಂಚು:
ತೋಡಿದೆ. ಗುಂಡಿ 4: 4/2 ಬೂದು 21 ಸೆಂ.ಮೀ. ನಿಂದ ಶುರುವಾಗಿ ಗುಂಡಿಯ ತಳದವರೆಗೂ ಇದೆ, ಢಾಳು ಕಲೆ ಮೂರು, ಅಂಚು ಮಸುಕು. ಏಳನೇ ಮೀಟರಿನ ಹತ್ತಿರ ಇಳಿಜಾರು ಮುರಿದು ನೆಲ ಸಪಾಟಾಗುತ್ತದೆ.

ಹೆಂಟೆ:
ಗುಂಡಿ 4 ಒಳಗೆ. ಬಾವುಟ ಆ ಏಳನೇ ಮೀಟರಿನ ಮುರಿವಿನಲ್ಲಿ ನೆಡಿ. ಅದೇ ಮುರಿವನ್ನು ಹಿಡಿದು ಸುತ್ತ ನಡೆಯಿರಿ, ಮುರಿವು ಕಾಣದ ಕಡೆ ಮಾತ್ರ ಮತ್ತೆ ಜೋಡಿ ಗುಂಡಿ ತೋಡಿ.

ಗುದ್ದಲಿಕಾವು:
ಮುಚ್ಚುವಾಗ ಕೆಳಗಿನ ಬೂದು ಮಣ್ಣು ಕೆಳಗೇ ಹೋಗಲಿ, ಕಪ್ಪು ಮೇಲೆ ಬರಲಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ. ಮುಂದೆ ಬರುವವರು ಅಲ್ಲೇ ತೋಡಿದರೆ ಕಲಸಿದ ಮಣ್ಣು ಅವರ ದಾರಿ ತಪ್ಪಿಸುತ್ತದೆ, ಆದ್ದರಿಂದ ಗುಂಡಿಯ ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕಿಡಿ.